ಜಾರಿದ ಲಿವರ್: ಅಡಿಕೆ ಕಳವಿನ ಪ್ರಕರಣವೊಂದರಲ್ಲಿ ಹತ್ಯಾರಿನ ಗುರುತು ಹೇಳಿದ್ದೆಷ್ಟು

ಮೊದ್ಲೇ ಹೇಳಿಬಿಡ್ತೀನಿ, ಇದು ಯಾವುದೋ ಠಾಣೆ ಕಡತದಿಂದ ಎತ್ತಿದ್ದಲ್ಲ, ವಿಧಿವಿಜ್ಞಾನ ಕಲಿಯೋ ಹುಡುಗರಿಗೆ, ಹೊಸದಾಗಿ ತನಿಖೆಗೆ ಇಳಿಯೋರಿಗೆ ಅಂತ ಕಟ್ಟಿದ ಪ್ರಕರಣ. ಮನೆ, ಜನ, ಅಳತೆ ಎಲ್ಲಾ ಕಲ್ಪಿಸಿದ್ದು. ಆದ್ರೆ ಒಳಗೆ ಬರೋ ವಿಧಾನ, ಕಾನೂನು, ಹಳೇ ಕೇಸಿನ ವಿಷಯ ಎಲ್ಲಾ ನಿಜ, ಮತ್ತೆ ಮಲೆನಾಡಲ್ಲಿ ಅಡಿಕೆ ಬೆಳೆಯೋರ ಮನೆಯಲ್ಲಿ ಇಂಥದ್ದು ಆಗೋದೂ ನಿಜ.

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ರಸ್ತೆ ಬಿಟ್ಟು ಒಳಗೆ ಒಂದು ಒಂಟಿ ಮನೆ. ಮನೆಯಿಂದ ಒಂದು ಕೂಗಳತೆ ದೂರದಲ್ಲಿ ಅಡಿಕೆ ಇಡೋ ಉಗ್ರಾಣ, ಹಳೇ ಕಾಲದ ಹಲಸಿನ ಮರದ ದಾರಂದ, ಒಂದೇ ಹಲಗೆಯ ಬಾಗಿಲು, ಅದಕ್ಕೆ ಕಬ್ಬಿಣದ ಪಟ್ಟಿ, ಕೊಂಡಿ, ಬೀಗ. ಪಟ್ಟಿಗೆ ಹಸಿರು ಪೇಂಟು. ರೇಟು ಏರಬಹುದು ಅಂತ ಬೇಸಿಗೆಯಿಂದ ಹಿಡಿದಿಟ್ಟಿದ್ದ ರಾಶಿ ಇಡಿ ಅನ್ನೋ ದರ್ಜೆಯ ಅಡಿಕೆ ಒಳಗಿತ್ತು. ಪುನರ್ವಸು ಮಳೆ ಹೊಡೀತಿದ್ದ ಒಂದು ರಾತ್ರಿ, ಕರೆಂಟಿಲ್ಲ, ತಗಡಿನ ಮಾಡಿನ ಮೇಲೆ ಮಳೆ ಸದ್ದಿಗೆ ಪಕ್ಕದೋರು ಮಾತಾಡಿದ್ದೂ ಕೇಳದಂಥ ಹೊತ್ತಲ್ಲಿ 11 ಮೂಟೆ ಹೋಗಿದೆ. ರಾಶಿಗೆ ಕ್ವಿಂಟಾಲಿಗೆ 50 ಸಾವಿರದ ಆಸುಪಾಸು ಅಂತ ಲೆಕ್ಕ ಹಿಡಿದ್ರೂ ಮೂರು ಲಕ್ಷ ದಾಟಿದ ಮಾಲು, ಒಂದು ಸಣ್ಣ ತೋಟದವನ ಅರ್ಧ ವರ್ಷದ ಬದುಕು.

ಬೆಳಿಗ್ಗೆ ನೋಡಿದ್ರೆ ಬೀಗ ಹಾಗೇ ಇದೆ. ಪಟ್ಟಿಯನ್ನೇ ಸ್ಕ್ರೂ ಸಮೇತ ಮೀಟಿ ಕಿತ್ತು ಬಾಗಿಲು ತೆಗೆದಿದಾರೆ. ದಾರಂದದ ಮೇಲೆ ಕಚ್ಚಿದ ಹಾಗೆ ಒಂದು ತಗ್ಗು, ಪಟ್ಟಿ ಮುಖದ ಮೇಲೆ ಓರೆಯಾಗಿ ಒಂದು ಗೀರು. ಇಡೀ ಪ್ರಕರಣ ನಿಂತಿರೋದು ಈ ಎರಡು ಗುರುತಿನ ಮೇಲೆ.

ಸುದ್ದಿ ಹಬ್ಬಿದ ಒಂದು ಗಂಟೆಯೊಳಗೆ ಅಂಗಳ ತುಂಬ ಜನ, ಅನುಮಾನ ಸೀದಾ ಹೋಗಿದ್ದು ತೋಟದ ಕೆಲಸದವನ ಮೇಲೆ. ಉಗ್ರಾಣದಲ್ಲಿ ಎಷ್ಟು ಮಾಲಿದೆ ಅಂತ ಅವನಿಗೆ ಗೊತ್ತು, ಮೂಟೆ ಹೊತ್ತಿದ್ದೇ ಅವನು, ಮತ್ತೆ ಅವನ ಲೈನ್ ಮನೆ ಗೋಡೆಗೆ ಒಂದು ಹಾರೆ ಒರಗಿಸಿಟ್ಟಿದೆ. ಯಾರೋ ಹೋಗಿ ಹಾರೆ ತಂದೇ ಬಿಟ್ರು. ದಾರಂದದ ತಗ್ಗಿಗೆ ಇಟ್ಟು ನೋಡಣ, ಕೂತ್ರೆ ಇವನೇ ಅಂತ. ಆಗಷ್ಟೇ ಬಂದಿದ್ದ ಎಸ್ಐ ಹಾರೆನ ಬಾಗಿಲಿನ ಹತ್ರಕ್ಕೂ ಬಿಡಲಿಲ್ಲ, ದೂರದಲ್ಲೇ ನೆಲದ ಮೇಲೆ ಇಡಿಸಿ ಅದನ್ನ ಯಾರು ತಂದ್ರು, ಎಲ್ಲಿ ಹಿಡ್ಕೊಂಡ್ರು ಅಂತ ಬರೆಸಿಕೊಂಡ್ರು.

ಇಡೀ ಪ್ರಕರಣದಲ್ಲಿ ನನಗೆ ಅತಿ ದೊಡ್ಡದು ಅನ್ಸೋದು ಇದೇ. ಹತ್ಯಾರನ್ನ ಗುರುತಿನೊಳಗೆ ಕೂರಿಸಿ ನೋಡೋದು ನಮ್ಮಲ್ಲಿ ಎಲ್ಲರಿಗೂ ಸಹಜವಾಗಿ ಬರೋ ಯೋಚನೆ, ಮತ್ತೆ ಅದರಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ. ಹಾರೆ ಒಂದ್ಸಲ ಆ ತಗ್ಗಿಗೆ ತಾಗಿದ್ರೆ ಕಳ್ಳನ ಹತ್ಯಾರು ಬಿಟ್ಟ ಸೂಕ್ಷ್ಮ ಗೆರೆಗಳ ಮೇಲೆ ಹಾರೆಯ ಗೆರೆಗಳು ಬೀಳ್ತವೆ, ಪಟ್ಟಿಯ ಹಸಿರು ಪೇಂಟು ಹಾರೆ ತುದಿಗೆ ಮೆತ್ಕೊಳ್ಳತ್ತೆ, ಆಮೇಲೆ ಪ್ರಯೋಗಾಲಯದವರು ಪ್ರಾಮಾಣಿಕವಾಗೇ ಪರೀಕ್ಷೆ ಮಾಡಿ ಹಾರೆ ಮೇಲೆ ಅದೇ ಪೇಂಟು ಸಿಕ್ತು ಅಂತ ವರದಿ ಕೊಡ್ತಾರೆ, ಒಬ್ಬ ಕೂಲಿಯವನು ಜೈಲಿಗೆ ಹೋಗ್ತಾನೆ. ಹಾಗಾಗಿ ಸಿಕ್ಕ ಹತ್ಯಾರು, ಸ್ಥಳದ ಗುರುತು ಎರಡೂ ಒಂದೇ ಜೀಪಲ್ಲಿ, ಒಂದೇ ಚೀಲದಲ್ಲಿ ಕೂಡ ಹೋಗಬಾರದು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ಪ್ರಕಾರ 7 ವರ್ಷ ಅಥವಾ ಮೇಲ್ಪಟ್ಟು ಶಿಕ್ಷೆ ಇರೋ ಅಪರಾಧ ಆದ್ರೆ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೋ ಆಗಬೇಕು (ಇದನ್ನ ಜಾರಿಗೆ ತರೋಕೆ ರಾಜ್ಯಗಳಿಗೆ 5 ವರ್ಷದವರೆಗೆ ಅವಕಾಶ ಇದೆ). ಮಾಲು ಇಡೋ ಕಟ್ಟಡದಲ್ಲಿ ಕಳವು ಅಂದ್ರೆ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ, ಅದಕ್ಕೆ 7 ವರ್ಷದವರೆಗೆ ಶಿಕ್ಷೆ. ಮುಂಚೆ ಅಡಿಕೆ ಕಳವಿಗೆಲ್ಲ ಯಾರಪ್ಪ ಪ್ರಯೋಗಾಲಯದವರನ್ನ ಕರೀತಾರೆ ಅಂತ ಕೈಬಿಡೋ ಕೇಸುಗಳೇ ಜಾಸ್ತಿ, ಈಗ ಹಾಗೆ ಬಿಡೋಹಾಗಿಲ್ಲ. ಒಳ್ಳೇದೇ ಆಯ್ತು.

ಸ್ಥಳದ ಕೆಲಸಕ್ಕೆ ಬರ್ತೀನಿ. ಮೊದಲು ಫೋಟೋ. ಸ್ಕೇಲು ಗುರುತಿನ ಮಟ್ಟದಲ್ಲೇ ಇರಬೇಕು, ಕ್ಯಾಮೆರಾ ನೇರ ಎದುರಿಗೆ, ಬೆಳಕು ಮಾತ್ರ ಪಕ್ಕದಿಂದ ಓರೆಯಾಗಿ. ಪಟ್ಟಿ ಮೇಲಿನ ಗೀರನ್ನ ಫ್ಲ್ಯಾಶ್ ಹಾಕಿ ನೇರ ಹೊಡೆದ್ರೆ ಬರೀ ಹೊಳಪು ಕಾಣತ್ತೆ, ಅದೇ ಟಾರ್ಚನ್ನ ಪಕ್ಕಕ್ಕೆ ತಂದು ಮಟ್ಟಸವಾಗಿ ಹಿಡಿದ್ರೆ ಪೇಂಟಿನೊಳಗೆ ಒಂದರ ಪಕ್ಕ ಒಂದು ಸಾಲು ಗೆರೆಗಳು ಎದ್ದು ಬರ್ತವೆ, ಕೆಲವು ದಪ್ಪ, ಕೆಲವು ಕೂದಲೆಳೆ, ಮಧ್ಯೆ ಒಂದು ಅಗಲದ ಖಾಲಿ ಜಾಗ. ಲಿವರ್, ಅಂದ್ರೆ ಮೀಟುಗೋಲಿನ ಥರದ್ದೇನೋ ಪಟ್ಟಿ ಅಡಿಗೆ ತೂರಿಸೋಕೆ ಹೋಗಿ ಒಂದ್ಸಲ ಕೈ ಜಾರಿದೆ, ಜಾರುವಾಗ ಅದರ ಅಂಚು ಪೇಂಟನ್ನ ಸುಮಾರು 3 ಸೆಂಟಿಮೀಟರ್ ಉದ್ದಕ್ಕೆ ಹೆರೆದಿದೆ, ಕೆಳಗಿನ ಕೆಂಪು ರೆಡ್ ಆಕ್ಸೈಡ್ ಪ್ರೈಮರ್ ಕಾಣ್ತಿದೆ, ಒಂದೆರಡು ಕಡೆ ಬರೀ ಕಬ್ಬಿಣ. ಆ ಜಾರುವಿಕೆ ಆಗಿರದಿದ್ರೆ ಈ ಪ್ರಕರಣದಲ್ಲಿ ಗಟ್ಟಿಯಾಗಿ ಹೇಳೋಕೆ ಏನೂ ಇರ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ.

ಯಾಕಂದ್ರೆ ಗುರುತಲ್ಲಿ ಮುಖ್ಯವಾಗಿ ಎರಡು ಥರ. ಒತ್ತಿ ಬಿದ್ದಿದ್ದು ಒಂದು, ಜಾರಿ ಗೀಚಿದ್ದು ಇನ್ನೊಂದು. ಒತ್ತಿದ ಗುರುತು ಹತ್ಯಾರಿನ ಆಕಾರ, ಅಗಲ, ಮೂಲೆ ಹೇಳತ್ತೆ. ಗೀಚಿದ್ದು ಅಂಚಿನ ಮೇಲಿರೋ ಕಣ್ಣಿಗೆ ಕಾಣದ ಏರಿಳಿತನ ಗೆರೆ ಮಾಡಿ ಇಡತ್ತೆ, ಅಂಚಲ್ಲಿ ಒಂದು ಸಣ್ಣ ಚೂರು ಮುರಿದಿದ್ರೆ ಗೀರಲ್ಲಿ ಅಲ್ಲೊಂದು ಉಬ್ಬುಗೆರೆ. ಇಷ್ಟು ಅಗಲ, ಇಂಥ ಆಕಾರ ಅನ್ನೋದು ಸಾವಿರ ಹತ್ಯಾರುಗಳಿಗೆ ಹೊಂದೋ ಲಕ್ಷಣ. ಬಳಸಿ, ಸವೆದು, ಮುಕ್ಕಾಗಿ, ಸಾಣೆ ಹಿಡಿದು ಒಂದೊಂದು ಹತ್ಯಾರಿಗೆ ಬರೋ ಏರಿಳಿತ ಬೇರೆಯದೇ ಲಕ್ಷಣ. ಮೊದಲನೇದು ಹೊಂದದಿದ್ರೆ ಹತ್ಯಾರನ್ನ ಸೀದಾ ಹೊರಗಿಡಬಹುದು. ಹೊಂದಿದ್ರೆ ಇದೇ ಅಂತ ಹೇಳೋಕೆ ಮಾತ್ರ ಆಗಲ್ಲ, ಜನ ಎಡವೋದು ಇಲ್ಲೇ.

ಪಟ್ಟಿಯನ್ನ ಸ್ಥಳದಲ್ಲೇ ಅಚ್ಚು ತೆಗೆಯೋ ಬದ್ಲು ಪೂರ್ತಿ ವಸ್ತುವನ್ನೇ ಜಪ್ತಿ ಮಾಡಿದ್ರು, ಅದೇ ಸರಿ, ಮೂಲ ವಸ್ತು ಸಿಗೋಹಾಗಿದ್ರೆ ಅಚ್ಚು ಎರಡನೇ ಮಾತು. ಗೀರಿರೋ ಭಾಗಕ್ಕೆ ಏನೂ ತಾಗದ ಹಾಗೆ ರಟ್ಟಿನ ಡಬ್ಬಿಯಲ್ಲಿ ಕಟ್ಟಿ ಮಹಜರಲ್ಲಿ ಸೀಲು ಮಾಡಿದ್ರು. ಪ್ಲಾಸ್ಟಿಕ್ ಕವರು ಬೇಡ ಅಂದಿದ್ದು ತುಂಬ ಮುಖ್ಯ. ಆಷಾಢದ ಆಗುಂಬೆ ಕಡೆ ಹವೆಯಲ್ಲಿ ಒದ್ದೆ ಕಬ್ಬಿಣನ ಪ್ಲಾಸ್ಟಿಕ್ಕಲ್ಲಿ ಕಟ್ಟಿಟ್ರೆ ಪ್ರಯೋಗಾಲಯ ಸೇರೋ ಹೊತ್ತಿಗೆ ಗೆರೆಗಳ ಜಾಗದಲ್ಲಿ ತುಕ್ಕು ಇರತ್ತೆ ಅಷ್ಟೇ.

ದಾರಂದ ಕತ್ತರಿಸೋಕೆ ಮನೆಯವರು ಒಪ್ಪಲಿಲ್ಲ, ಅಜ್ಜನ ಕಾಲದ್ದು. ಹಾಗಾಗಿ ತಗ್ಗಿಗೆ ಸಿಲಿಕೋನ್ ಅಚ್ಚು. ಮರ ಮಳೆಗೆ ನೆನೆದಿದೆ, ನೀರು ನಿಂತಿದ್ರೆ ಅಚ್ಚಲ್ಲಿ ತೂತು ಬೀಳತ್ತೆ, ಒರೆಸಿದ್ರೆ ನಾರು ಎದ್ದು ಗುರುತು ಹಾಳಾಗತ್ತೆ, ಹೇರ್ ಡ್ರೈಯರ್ ಹಿಡಿದ್ರೆ ಮರ ಒಂದೇ ಸಲ ಒಣಗಿ ಬಿರಿಯತ್ತೆ. ನೀರು ಹೀರೋ ಕಾಗದ ಮೆಲ್ಲಗೆ ಮುಟ್ಟಿಸಿ ಮುಟ್ಟಿಸಿ ತೇವ ತೆಗೆದು ಎರಡು ಅಚ್ಚು ತೆಗೆದ್ರು, ಮೇಲೆ ಯಾವುದು ಕೆಳಗೆ ಯಾವುದು ಅಂತ ಅಚ್ಚಿನ ಬೆನ್ನ ಮೇಲೆ ಬರೆದ್ರು. ಇದನ್ನ ಬರೆಯದೆ ಬಿಟ್ರೆ ಆಮೇಲೆ ಎಡ ಬಲ ಅಂತ ಗಂಟೆಗಟ್ಟಲೆ ತಲೆಕೆಡಿಸ್ಕೋಬೇಕಾಗತ್ತೆ.

ಈಗ ಹಾರೆ ವಿಷಯ. ದಾರಂದದ ತಗ್ಗಿನ ಅಗಲ 22 ಮಿಲಿಮೀಟರ್, ಎರಡೂ ಕಡೆ ಮೂಲೆ ಚೂಪಾಗಿ ಮೂಡಿದೆ. ಹಾರೆ ತುದಿ ಅಗಲ 26. ಊರಲ್ಲಿ ವಾದ ಏನು ಅಂದ್ರೆ ಮರ ನೆನೆದಿತ್ತು, ಉಬ್ಬಿತ್ತು, ಆಮೇಲೆ ಒಣಗಿ ಕುಗ್ಗಿದೆ, ನಾಲ್ಕು ಮಿಲಿಮೀಟರ್ ಎಲ್ಲಾ ಒಂದು ಲೆಕ್ಕವೇ ಅಂತ. ಕೇಳೋಕೆ ಸರಿ ಅನ್ಸತ್ತೆ, ಮರ ಕುಗ್ಗೋದು ನಿಜಾನೇ. ಆದ್ರೆ ಮರ ಎಲ್ಲಾ ದಿಕ್ಕಿಗೂ ಒಂದೇ ಥರ ಕುಗ್ಗಲ್ಲ, ಯಾವ ಬಡಗಿನ ಕೇಳಿದ್ರೂ ಹೇಳ್ತಾನೆ. ನಾರಿಗೆ ಅಡ್ಡಲಾಗಿ ಹಸಿ ಮರ ಪೂರ್ತಿ ಒಣಗಿದ್ರೆ ನೂರಕ್ಕೆ ಐದು, ಹತ್ತರವರೆಗೂ ಕುಗ್ಗಬಹುದು, ನಾರಿನ ಉದ್ದಕ್ಕೆ ಮಾತ್ರ ಸಾಮಾನ್ಯವಾಗಿ ನೂರಕ್ಕೆ 0.1, 0.2 ಅಷ್ಟೇ. ದಾರಂದದ ನಿಲುಗಂಬದಲ್ಲಿ ನಾರು ಮೇಲಿಂದ ಕೆಳಗೆ. ಬಾಗಿಲಿಗೂ ದಾರಂದಕ್ಕೂ ಮಧ್ಯೆ ಇರೋ ಸಂದಿನೂ ಮೇಲಿಂದ ಕೆಳಗೆ. ಆ ಸಂದಿಗೆ ಚಪ್ಪಟೆ ಹತ್ಯಾರು ತೂರಬೇಕು ಅಂದ್ರೆ ಅದರ ಅಗಲ ಸಂದಿ ಉದ್ದಕ್ಕೇ, ಅಂದ್ರೆ ನಾರಿನ ಉದ್ದಕ್ಕೇ ಇರಬೇಕು. ಹಾಗಾಗಿ ಆ 22 ಮಿಲಿಮೀಟರ್ ಮರ ನೆನೆದ್ರೂ ಒಣಗಿದ್ರೂ ಹೆಚ್ಚುಕಮ್ಮಿ 22 ಆಗೇ ಇರತ್ತೆ. ಸಾಲದ್ದಕ್ಕೆ ಅಚ್ಚು ತೆಗೆದಿದ್ದು ಮರ ಇನ್ನೂ ತೇವ ಇದ್ದಾಗಲೇ.

ಇನ್ನೊಂದು ಪ್ರಶ್ನೆನೂ ಕೇಳಲೇಬೇಕಿತ್ತು. ಹತ್ಯಾರಿಗಿಂತ ಸಣ್ಣ ಗುರುತು ಬೀಳೋಕೆ ಸಾಧ್ಯ ಇದೆ, ಒಂದು ಮೂಲೆ ಮಾತ್ರ ತಾಗಿದ್ರೆ. ಆದ್ರೆ ಇಲ್ಲಿ ಎರಡೂ ಮೂಲೆ ಮೂಡಿವೆ, ಹಾಗಾಗಿ ಅದು ಪೂರ್ತಿ ಅಗಲ. ಮತ್ತೆ ಕಳವಾದ ಮೇಲೆ ಹಾರೆನ ಕುಲುಮೆಗೆ ಒಯ್ದು ತಟ್ಟಿಸಿದ್ರೆ ತುದಿ ಅಗಲ ಆಗಬಹುದಲ್ವಾ? ಆಗಬಹುದು, ಮಲೆನಾಡಲ್ಲಿ ಹಾರೆ, ಕತ್ತಿ ತಟ್ಟಿಸೋದು ದಿನನಿತ್ಯದ ಮಾತು. ಆದ್ರೆ ಕಾಸಿ ತಟ್ಟಿದ ಕಬ್ಬಿಣಕ್ಕೆ ಹೊಸ ಕಪ್ಪು ಸಿಪ್ಪೆ, ಸುತ್ತಿಗೆ ಏಟು ಇರಬೇಕು. ಈ ಹಾರೆ ತುದಿ ಜಂಬಿಟ್ಟಿಗೆ ಮಣ್ಣು ಅಗೆದು ಅಗೆದು ಉರುಟಾಗಿ, ಹಳೇ ತುಕ್ಕು ಕೂತಿರೋದು, ಮೂಲೆಗಳೇ ಉಳಿದಿಲ್ಲ. ಇಂಥ ಉರುಟು ತುದಿ ಚೂಪು ಮೂಲೆಯ ತಗ್ಗು ಮಾಡೋಕೆ ಸಾಧ್ಯವೇ ಇಲ್ಲ. ಹಾರೆ ಹೊರಗೆ. ವರದಿಯಲ್ಲಿ ಇದನ್ನ ಅನುಮಾನ ಉಳಿಸದೆ ಬರೀಬೇಕು, ಸಿಗಲಿಲ್ಲ, ಖಚಿತವಿಲ್ಲ ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟಹಾಗೆ ಬರೆದ್ರೆ ಆ ಕೆಲಸದವನು ಊರಲ್ಲಿ ತಲೆ ಎತ್ತೋಕೆ ಆಗಲ್ಲ.

ಎರಡನೇ ಹತ್ಯಾರು ಸಿಕ್ಕಿದ್ದು 19 ದಿನ ಆದ್ಮೇಲೆ. ಶಿವಮೊಗ್ಗ ಕಡೆ ಮಾಲು ಮಾರೋಕೆ ಹೋದ ಒಂದು ಪಿಕಪ್ ಗಾಡಿ, ಚಾಲಕನ ವಿಚಾರಣೆ, ಅವನು ತೋರಿಸಿದ ಜಾಗದಲ್ಲಿ ಒಂದು ಟೈರ್ ಲಿವರ್, ಚಕ್ರದಿಂದ ಟೈರ್ ಮೀಟಿ ಕಳಚೋ ಹತ್ಯಾರು. ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಯಾವ ಭಾಗದಿಂದ ವಸ್ತು ಪತ್ತೆ ಆಯ್ತೋ ಅಷ್ಟು ಭಾಗ ಮಾತ್ರ ಸಾಕ್ಷ್ಯ, ಹಳೇ ಸಾಕ್ಷ್ಯ ಕಾಯ್ದೆಯ 27ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನ ಷರತ್ತು. ಜಪ್ತಿಯ ವಿಡಿಯೋ ಆಗಿದೆ. ಲಿವರ್ ತುದಿ 22 ಮಿಲಿಮೀಟರ್.

ಪ್ರಯೋಗಾಲಯದಲ್ಲಿ ಕೆಲಸದ ಕ್ರಮ ತಪ್ಪಿದ್ರೆ ಮುಗೀತು. ಮೊದಲು ತುದಿಗೆ ಮೆತ್ತಿರೋದನ್ನ ನೋಡಬೇಕು, ಆಮೇಲೆ ಪ್ರಯೋಗದ ಗುರುತು. ಲಿವರಿನ ಅಂಚಿನ ಹಿಂದೆ ಸಾಸಿವೆಗಿಂತ ಸಣ್ಣ ಹಸಿರು ಚೂರು, ಸೂಕ್ಷ್ಮದರ್ಶಕದಲ್ಲಿ ಅದರ ಕೆಳಗೆ ಕೆಂಪು ಪದರ, ಅಂದ್ರೆ ಮೇಲೆ ಹಸಿರು ಕೆಳಗೆ ರೆಡ್ ಆಕ್ಸೈಡ್, ಪಟ್ಟಿಯಲ್ಲಿ ಇರೋ ಕ್ರಮವೇ. ಎರಡೂ ಪದರನ ಇನ್‌ಫ್ರಾರೆಡ್ ಪರೀಕ್ಷೆಗೆ ಹಾಕಿ ಹೋಲಿಸಿದ್ರು, ಹೊಂದಿತು. ಆದ್ರೂ ಹಸಿರು ಪೇಂಟು ಊರಿಗೊಂದು ಅಂಗಡಿಯಲ್ಲಿ ಸಿಗತ್ತೆ, ಬರೀ ಇದನ್ನ ನಂಬಿಕೊಂಡು ಕೂರೋಹಾಗಿಲ್ಲ.

ಲಿವರಿಗೆ ತೆಳು ತುಕ್ಕು ಬಂದಿತ್ತು. ತುಕ್ಕು ಇದೆ ಅಂತ ವೈರ್ ಬ್ರಷ್ ಹಾಕಿ ಉಜ್ಜಿದ್ರೆ ಹೊಸ ಗೆರೆ ನಾವೇ ಮಾಡಿಟ್ಟ ಹಾಗೆ, ಮೆತ್ತನೆ ಬ್ರಷ್ಷಿಂದ ಸಡಿಲ ಪುಡಿ ಮಾತ್ರ ತೆಗೆದ್ರು. ಆಮೇಲೆ ಸೀಸದ ಹಾಳೆ ಮೇಲೆ ಪ್ರಯೋಗದ ಗೀರು. ಸೀಸ ಯಾಕೆ ಅಂದ್ರೆ ಅದು ಮೆತ್ತಗೆ, ಗುರುತು ಚೆನ್ನಾಗಿ ತಗೊಳ್ಳತ್ತೆ, ಲಿವರಿನ ಅಂಚನ್ನ ಸವೆಸಲ್ಲ. ಒಂದೇ ಗೀರು ಸಾಲದು. ಅಂಚಿನ ಎರಡೂ ಮುಖ, ತಳ್ಳಿದ್ದು, ಎಳೆದದ್ದು, 30, 45, 60 ಡಿಗ್ರಿ, ಎಡಕ್ಕೆ ವಾಲಿಸಿ, ಬಲಕ್ಕೆ ವಾಲಿಸಿ. ಒಂದೇ ಹತ್ಯಾರು ಕೋನ ಬದಲಾದ್ರೆ ಬೇರೆನೇ ಗೆರೆ ಬಿಡತ್ತೆ, ಕಳ್ಳ ಯಾವ ಕೋನದಲ್ಲಿ ಹಿಡಿದಿದ್ದ ಅಂತ ಯಾರಿಗೂ ಗೊತ್ತಿಲ್ಲ, ಹುಡುಕ್ತಾ ಹೋಗಬೇಕು. ಪಟ್ಟಿ ಮೇಲಿನ ಗೀರಿನ ಅಗಲ 14 ಮಿಲಿಮೀಟರ್ ಮಾತ್ರ, ಅಂದ್ರೆ ಲಿವರ್ ಒಂದು ಪಕ್ಕಕ್ಕೆ ವಾಲಿತ್ತು, ಪೂರ್ತಿ ಅಂಚು ತಾಗಿಲ್ಲ.

ಹೋಲಿಕೆ ಸೂಕ್ಷ್ಮದರ್ಶಕ ಅಂದ್ರೆ ಎರಡು ಸೂಕ್ಷ್ಮದರ್ಶಕನ ಒಂದು ಸೇತುವೆಯಿಂದ ಜೋಡಿಸಿ ಎರಡೂ ವಸ್ತು ಒಂದೇ ಚಿತ್ರದಲ್ಲಿ ಅಕ್ಕಪಕ್ಕ ಕಾಣೋಹಾಗೆ ಮಾಡಿದ್ದು, 1920ರ ದಶಕದಲ್ಲಿ ಅಮೆರಿಕದಲ್ಲಿ ಫಿಲಿಪ್ ಗ್ರೇವೆಲ್, ಕ್ಯಾಲ್ವಿನ್ ಗಾಡರ್ಡ್ ಇವರು ಗುಂಡು ಹೋಲಿಸೋಕೆ ಬಳಕೆಗೆ ತಂದ ಸಾಧನ. ಎಡಕ್ಕೆ ಪಟ್ಟಿಯ ಗೀರು, ಬಲಕ್ಕೆ ಸೀಸದ್ದು, ಮಧ್ಯೆ ಒಂದು ಸಣ್ಣ ಗೆರೆ. 45 ಡಿಗ್ರಿಯಲ್ಲಿ ಬಲಕ್ಕೆ ವಾಲಿಸಿ ಎಳೆದ ಗೀರನ್ನ ಸ್ವಲ್ಪ ಸ್ವಲ್ಪ ಸರಿಸ್ತಾ ಹೋದಾಗ ಆ ಖಾಲಿ ಜಾಗ ಖಾಲಿ ಜಾಗಕ್ಕೆ ಬಂದು ಕೂತು, ಅದರ ಎರಡೂ ಪಕ್ಕದ ಗೆರೆಗಳು ಮಧ್ಯದ ಗಡಿ ದಾಟಿ ಒಂದಕ್ಕೊಂದು ಸೀದಾ ಮುಂದುವರಿದವು. ಒಂದು ಗುಂಪಲ್ಲಿ ಬಿಡದೆ 7 ಗೆರೆ, ಇನ್ನೊಂದರಲ್ಲಿ 4.

ಎಷ್ಟು ಗೆರೆ ಹೊಂದಿದ್ರೆ ಸಾಕು? ಈ ಪ್ರಶ್ನೆ ಹಳೇದು. ಅಮೆರಿಕದ ವಿಧಿವಿಜ್ಞಾನ ಪರೀಕ್ಷಕ ಆಲ್ಫ್ರೆಡ್ ಬಿಯಾಸೊಟ್ಟಿ 1959ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು, ಒಟ್ಟು ಎಷ್ಟು ಗೆರೆ ಹೊಂದಿದವು ಅನ್ನೋದಕ್ಕಿಂತ ಒಂದರ ಪಕ್ಕ ಒಂದು ಬಿಡದೆ ಹೊಂದೋದು ಮುಖ್ಯ ಅಂತ, ಯಾಕಂದ್ರೆ ಬೇರೆ ಬೇರೆ ಹತ್ಯಾರಿನ ಗುರುತಲ್ಲೂ ಅಲ್ಲೊಂದು ಇಲ್ಲೊಂದು ಗೆರೆ ಆಕಸ್ಮಿಕವಾಗಿ ಹೊಂದತ್ತೆ. 1997ರಲ್ಲಿ ಬಿಯಾಸೊಟ್ಟಿ, ಮರ್ಡಾಕ್ ಇಬ್ಬರೂ ಸೇರಿ ಒಂದು ಎಚ್ಚರಿಕೆಯ ಅಳತೆ ಕೊಟ್ರು, ಆಳ ಇರೋ ಗುರುತಾದ್ರೆ ಮೂರು ಮೂರು ಗೆರೆಯ ಎರಡು ಗುಂಪು ಇಲ್ಲಾ ಆರರ ಒಂದು ಗುಂಪು, ಆಳ ಇಲ್ಲದ್ದಾದ್ರೆ ಐದೈದರ ಎರಡು ಇಲ್ಲಾ ಎಂಟರ ಒಂದು. ನಮ್ಮ ಗೀರಿಗೆ ಆಳ ಇದೆ, ಅಳತೆ ದಾಟಿದೆ. ಆದ್ರೆ ಎಲ್ಲಾ ಪರೀಕ್ಷಕರೂ ಹೀಗೆ ಎಣಿಸಲ್ಲ, ಸಾಕಷ್ಟು ಹೊಂದಿಕೆ ಇದೆ ಅನ್ನೋ ತಮ್ಮ ಅನುಭವದ ತೀರ್ಪಿನ ಮೇಲೆ ಹೇಳೋರೇ ಜಾಸ್ತಿ, ಮತ್ತೆ 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ ಇದನ್ನೇ ಎತ್ತಿ ಆಡಿತು, ಸಾಕಷ್ಟು ಅಂದ್ರೆ ಎಷ್ಟು ಅಂತ ಸರಿಯಾದ ವ್ಯಾಖ್ಯೆ ಇಲ್ಲ ಅಂತ. ಆ ಟೀಕೆ ನ್ಯಾಯವಾದದ್ದು ಅಂತಲೇ ನಾನು ಹೇಳ್ತೀನಿ. ಎಣಿಕೆ ಬರೆದಿಟ್ರೆ, ಫೋಟೋ ಇಟ್ರೆ ಇನ್ನೊಬ್ಬ ಕೂತು ತಪ್ಪು ಹುಡುಕಬಹುದು.

ಇನ್ನೊಂದು ಬಲೆ ಇದೆ. ಒಂದೇ ಕಾರ್ಖಾನೆಯ ಒಂದೇ ಅಚ್ಚಲ್ಲಿ ಬಂದ ಲಿವರುಗಳಿಗೆ ಅಂಚಲ್ಲಿ ಒಂದೇ ಥರದ ಗೆರೆ ಇರೋ ಸಾಧ್ಯತೆ, ಉದ್ದಕ್ಕೆ ಅದು ಹಾಗೇ ಸಾಗಿದ್ರೆ ಅಣ್ಣ ತಮ್ಮಂದಿರ ಹಾಗೆ ಎರಡು ಲಿವರ್ ಒಂದೇ ಗೀರು ಬಿಡಬಹುದು. ಅದಕ್ಕೆ ಅದೇ ಮಾದರಿಯ ಹೊಸ ಲಿವರ್ ತಂದು ನೋಡಿದ್ರು. ಹೊಸದರ ಅಂಚು ನುಣುಪು. ಜಪ್ತಿ ಮಾಡಿದ್ದರಲ್ಲಿ ಅಂಚಿಗೆ ಯಾರೋ ಸಾಣೆ ಹಿಡಿದಿದಾರೆ, ಅದೂ ಅಡ್ಡಾದಿಡ್ಡಿ, ಮೇಲೆ ಒಂದು ಕಡೆ ಚಕ್ಕೆ ಎದ್ದಿದೆ, ಗೀರಿನ ಖಾಲಿ ಜಾಗ ಬಂದಿದ್ದು ಆ ಚಕ್ಕೆಯಿಂದ. ಅಂದ್ರೆ ಹೊಂದಿದ ಗೆರೆಗಳು ಕಾರ್ಖಾನೆಯಿಂದ ಬಂದಿದ್ದಲ್ಲ.

ದಾರಂದದ ಅಚ್ಚಲ್ಲಿ ಇಷ್ಟು ಸಿಗಲಿಲ್ಲ. ಅಗಲ ಹೊಂದಿತು, ಮೂಲೆ ಹೊಂದಿತು, ಸೂಕ್ಷ್ಮ ಗೆರೆಗಳನ್ನ ನೆಂದ ಹಲಸು ಹಿಡಿದಿಟ್ಟಿಲ್ಲ. ಮರದಲ್ಲಿ ಏನೂ ಉಳಿಯಲ್ಲ ಅಂತ ಅಲ್ಲ. 1932ರಲ್ಲಿ ಅಮೆರಿಕದ ಲಿಂಡ್‌ಬರ್ಗ್ ಮಗುವಿನ ಅಪಹರಣದಲ್ಲಿ ಸಿಕ್ಕ ಏಣಿಯ ಮರದ ಮೇಲೆ ಕೀಸುಳಿ ಬಿಟ್ಟ ಗೆರೆಗಳನ್ನ ಮರತಜ್ಞ ಆರ್ಥರ್ ಕೋಹ್ಲರ್ ಆರೋಪಿ ಹಾಪ್ಟ್‌ಮನ್‌ನ ಕೀಸುಳಿಗೆ ಹೊಂದಿಸಿ 1935ರಲ್ಲಿ ಕೋರ್ಟಲ್ಲಿ ತೋರಿಸಿದ್ರು. ಅದು ಕೀಸುಳಿ ನುಣ್ಣಗೆ ಹೆರೆದ ಮರ, ಇದು ಒದ್ದೆ ಮರಕ್ಕೆ ಒತ್ತಿ ನಾರು ಜಜ್ಜಿದ ತಗ್ಗು. ಹಾಗಾಗಿ ದಾರಂದದ ಬಗ್ಗೆ ಈ ಲಿವರ್ ಆಗಿರಬಹುದು, ಇದೇ ಅಂತ ಹೇಳೋಕೆ ಆಗಲ್ಲ ಅಂತ ಬರೆದ್ರು. ಎರಡನೇ ಪರೀಕ್ಷಕರು ಮೊದಲನೆಯವರ ತೀರ್ಮಾನ ತಿಳಿಯದೆ ಪಟ್ಟಿ, ಅಚ್ಚು ಎರಡನ್ನೂ ನೋಡಿ ಅದೇ ಹೇಳಿದ್ರು.

ಕೋರ್ಟಲ್ಲಿ ತಜ್ಞರ ಅಭಿಪ್ರಾಯ ಬರೋದು ಸಾಕ್ಷ್ಯ ಅಧಿನಿಯಮದ 39ನೇ ಕಲಮಿನ ಕೆಳಗೆ, ಹಳೇದರಲ್ಲಿ 45. ಅಭಿಪ್ರಾಯ ಅಂತಲೇ ಬರತ್ತೆ, ತೀರ್ಪು ಅಂತ ಅಲ್ಲ. ಪಾಟೀಸವಾಲಲ್ಲಿ ಆರೋಪಿ ಪರ ವಕೀಲರು ತಜ್ಞರಿಗೆ ಮೂರು ಪ್ರಶ್ನೆ ಕೇಳ್ತಾರೆ, ಮೂರೂ ಕೇಳಲೇಬೇಕಾದ್ದು. ಜಗತ್ತಲ್ಲಿರೋ ಎಲ್ಲಾ ಲಿವರ್ ನೋಡಿದ್ರಾ? ಇಲ್ಲ, ನೋಡೋಕೆ ಆಗಲ್ಲ, ಈ ಮಟ್ಟದ ಹೊಂದಿಕೆ ಬೇರೆ ಲಿವರಿಂದ ಬರೋ ಸಾಧ್ಯತೆ ಬಹಳ ಕಮ್ಮಿ ಅಂತಷ್ಟೇ ನನ್ನ ಅಭಿಪ್ರಾಯ. ಜಪ್ತಿ ಆದ ಲಿವರನ್ನ ಯಾರಾದ್ರೂ ಪಟ್ಟಿಗೆ ಉಜ್ಜಿರಬಹುದಲ್ವಾ? ಪಟ್ಟಿ ಮೊದಲ ದಿನವೇ ಸೀಲಾಗಿ ಹೋಗಿದೆ, ಲಿವರ್ ಸಿಕ್ಕಿದ್ದು 19 ದಿನ ಬಿಟ್ಟು, ಸೀಲು ಒಡೆದಿದ್ದು ಪ್ರಯೋಗಾಲಯದಲ್ಲಿ, ಮೊದಲ ದಿನದ ಫೋಟೋದಲ್ಲೇ ಆ 7 ಗೆರೆ ಇವೆ. ಅವತ್ತು ರಾತ್ರಿ ಈ ಲಿವರ್ ಹಿಡಿದಿದ್ದು ನನ್ನ ಕಕ್ಷಿದಾರರೇ ಅಂತ ಹೇಳ್ತೀರಾ? ಇಲ್ಲ, ಅದನ್ನ ಹೇಳೋಕೆ ನನ್ನಿಂದ ಆಗಲ್ಲ.

ಆ ಮೂರನೇ ಉತ್ತರಕ್ಕೆ ಪ್ರಾಸಿಕ್ಯೂಷನ್ ಬೇರೆ ದಾರಿನೇ ಹಿಡೀಬೇಕು: ಗಾಡಿ ಆ ರಾತ್ರಿ ಎಲ್ಲಿತ್ತು, ಮೊಬೈಲ್ ಯಾವ ಟವರಲ್ಲಿತ್ತು, ಮೂಟೆ ಮೇಲಿನ ಮನೆಯವರ ಗುರುತು ಸಿಕ್ತಾ, ಮಾರಿದ ಚೀಟಿ ಯಾರ ಹೆಸರಲ್ಲಿದೆ. 11 ಮೂಟೆ ಆ ಮಳೆಯಲ್ಲಿ ಒಬ್ಬನೇ ಹೊತ್ತು ಗಾಡಿಗೆ ಹಾಕಿರೋದು ಕಷ್ಟ, ದಾರಂದದ ತಗ್ಗು ಇದೇ ಲಿವರಿಂದ ಅಂತ ಖಚಿತ ಆಗಿಲ್ಲ, ಹಾಗಾಗಿ ಇನ್ನೊಂದು 22 ಮಿಲಿಮೀಟರ್ ಹತ್ಯಾರು, ಇನ್ನೊಬ್ಬ ಮನುಷ್ಯ ಇರಬಹುದು ಅನ್ನೋ ಸಾಧ್ಯತೆ ತನಿಖಾಧಿಕಾರಿ ಮುಂದೆ ಹಾಗೇ ತೆರೆದಿದೆ, ದೋಷಾರೋಪ ಪಟ್ಟಿ ಹಾಕಿದ ಮೇಲೂ ಹೆಚ್ಚಿನ ತನಿಖೆಗೆ ಕಾನೂನಲ್ಲಿ ಅವಕಾಶ ಇದೆ, ದಾರಂದದ ಆ ಎರಡು ಅಚ್ಚನ್ನ ಅದಕ್ಕಾಗಿಯೇ ಎತ್ತಿಡಬೇಕು.